ಗದೆ ಅಜ್ಜನದೇ, ಆದರೆ ಯಾವ ಕುಸ್ತಿಯದು?

ನಮ್ಮ ಹಳಿಯಾಳ ತಾಲೂಕಿನಲ್ಲಿ ಕುಸ್ತಿ ಆಡಿದವರ ಮನೆ ಹುಡುಕುವುದು ಕಷ್ಟದ ಕೆಲಸವಲ್ಲ. ಪಡಸಾಲೆಯ ಮೂಲೆಯಲ್ಲಿ ಗದೆ ಇರುತ್ತದೆ, ಗೋಡೆಯ ಮೇಲೆ ರುಮಾಲು ಸುತ್ತಿದ ಪೈಲ್ವಾನರ ಫೋಟೊ ಇರುತ್ತದೆ. ತೇರಗಾಂವ ಸುತ್ತಿನ ಇಂಥ ಮನೆಗಳಿಗೆ ಹೋದಾಗ ನಾವು ಕೇಳುವುದು ಒಂದೇ ಪ್ರಶ್ನೆ: "ಇದು ಯಾವ ಕುಸ್ತಿದ್ರೀ?"

"ನಮ್ಮ ಅಜ್ಜಾರು ಗೆದ್ದಿದ್ದು. ಭಾಳ ದೊಡ್ಡ ಕುಸ್ತಿ ಇತ್ತಂತ."

ಯಾರ ಮೇಲೆ? ಯಾವ ಊರ ಜಾತ್ರೆಯಲ್ಲಿ? ಯಾವ ವರ್ಷ? ಅಲ್ಲಿಗೆ ಮಾತು ನಿಲ್ಲುತ್ತದೆ. ಗದೆ ಉಳಿದಿದೆ, ಕುಸ್ತಿ ಮರೆತುಹೋಗಿದೆ. ನಾಳೆ ಮನೆ ಪಾಲಾದರೆ ಆ ಗದೆ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಇಲ್ಲವೇ ಯಾರೋ ಅದಕ್ಕೆ ದೊಡ್ಡ ಹೆಸರೊಂದನ್ನು ಅಂಟಿಸುತ್ತಾರೆ. ಎರಡರಲ್ಲೂ ನಿಜವಾಗಿ ಮಣ್ಣಿನಲ್ಲಿ ಸೆಣಸಿದವರ ಹೆಸರು ಹೋಗುತ್ತದೆ.

ಆಟದಲ್ಲಿ ಬಳಸಿದ ವಸ್ತು ಅಸಲಿಯೋ ಅಲ್ಲವೋ ಎಂದು ತಿಳಿಯುವುದು ಜಗತ್ತಿನಾದ್ಯಂತ ತಲೆನೋವಿನ ಕೆಲಸ. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಬ್ಯಾಟು, ಅಂಗಿಗಳಿಗೆ ಲಕ್ಷಗಟ್ಟಲೆ ಬೆಲೆ ಬಂದ ಮೇಲೆ ನಕಲಿ ಸಹಿಯ ದಂಧೆಯೇ ಶುರುವಾಯಿತು. 1990ರ ದಶಕದಲ್ಲಿ ಅಲ್ಲಿನ ಎಫ್‌ಬಿಐ ಪೊಲೀಸರು 'ಆಪರೇಷನ್ ಬುಲ್‌ಪೆನ್' ನಡೆಸಿ ಆ ದಂಧೆಕೋರರನ್ನು ಹಿಡಿದರು. 2001ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಹೊಸ ಪದ್ಧತಿ ತಂದಿತು. ಪೊಲೀಸ್ ಕೆಲಸದ ಅನುಭವ ಇರುವವರು ಮೈದಾನದಲ್ಲೇ ಕೂತಿರುತ್ತಾರೆ. ಚೆಂಡು ಆಟದಿಂದ ಹೊರಬಂದ ಕೂಡಲೇ ಅದಕ್ಕೆ ನಂಬರ್ ಇರುವ ಹೊಳೆಯುವ ಚೀಟಿ ಅಂಟಿಸಿ ಬರೆದಿಡುತ್ತಾರೆ. ಕಣ್ಣಾರೆ ಕಂಡದ್ದಕ್ಕೆ ಮಾತ್ರ ಚೀಟಿ.

ಹಾಗೆ ಬರೆದಿಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕ್ರಿಕೆಟ್‌ನ ಒಂದು ಕಥೆ ಇದೆ. 1968ರ ಆಗಸ್ಟ್ 31ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಗ್ಯಾರಿ ಸೋಬರ್ಸ್ ಒಂದೇ ಓವರಿನಲ್ಲಿ ಆರು ಸಿಕ್ಸರ್ ಹೊಡೆದರು. ಬೌಲರ್ ಮಾಲ್ಕಮ್ ನ್ಯಾಶ್. 2006ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 'ಅದೇ ಚೆಂಡು' ಎಂದು ಒಂದು ಚೆಂಡು 26,400 ಪೌಂಡಿಗೆ ಹೋಯಿತು. ಅದರ ಜೊತೆ ಸೋಬರ್ಸ್ ಸಹಿಯೂ ಇತ್ತು. ಆಮೇಲೆ ಗ್ರಹಾಂ ಲಾಯ್ಡ್ ಎಂಬ ಪತ್ರಕರ್ತರು ಬೆನ್ನು ಹತ್ತಿದರು. ಮಾರಾಟವಾದದ್ದು ಡ್ಯೂಕ್ ಕಂಪನಿಯ ಚೆಂಡು, ಆದರೆ ಆ ಪಂದ್ಯದಲ್ಲಿ ಬಳಸಿದ್ದು ಸರಿಜ್ ಕಂಪನಿಯದು ಎಂದು ಅವರು ತೋರಿಸಿದರು.

ಇಲ್ಲಿ ಚೆಂಡೂ ನಿಜ, ಸೋಬರ್ಸ್ ಅವರೂ ನಿಜ. ಎರಡನ್ನೂ ಕೂಡಿಸುವ ಕೊಂಡಿ ಮಾತ್ರ ನಿಲ್ಲಲಿಲ್ಲ. ನಾವು ಪರೀಕ್ಷೆ ಮಾಡಬೇಕಾದದ್ದು ಆ ಕೊಂಡಿಯನ್ನೇ.

ಕುಸ್ತಿಯಲ್ಲೂ ಇದೇ ಮಾತು. ಗಾಮಾ ಪೈಲ್ವಾನರು ಬೈಠಕ್ ಹೊಡೆಯುವಾಗ ಬಳಸುತ್ತಿದ್ದರು ಎನ್ನುವ 95 ಕೆಜಿಯ ಕಲ್ಲಿನ ಬಳೆ ಪಟಿಯಾಲಾದ ಕ್ರೀಡಾ ಸಂಸ್ಥೆಯ ಮ್ಯೂಸಿಯಂನಲ್ಲಿದೆ. ಬರೋಡಾದ ಮ್ಯೂಸಿಯಂನಲ್ಲಿ ಇನ್ನೊಂದು ಕಲ್ಲಿದೆ. 1902ರ ಡಿಸೆಂಬರ್ 23ರಂದು ಗಾಮಾ ಅದನ್ನು ಎತ್ತಿದರು ಎನ್ನುತ್ತಾರೆ, ತೂಕ 1200 ಕೆಜಿ ಎನ್ನುತ್ತಾರೆ. ಇವತ್ತಿನ ಒಲಿಂಪಿಕ್ ವೇಟ್‌ಲಿಫ್ಟರ್‌ಗಳು ತಲೆಯ ಮೇಲೆ ಎತ್ತುವ ಭಾರ ಇನ್ನೂ 300 ಕೆಜಿ ಮುಟ್ಟಿಲ್ಲ. ಕಲ್ಲು ನಿಜ, ಗಾಮಾ ನಿಜ. ಆದರೆ 'ಎತ್ತಿದರು' ಅಂದರೆ ಏನು, ಪೂರ್ತಿ ಎತ್ತಿದ್ದೋ, ಅಲುಗಿಸಿದ್ದೋ ಎಂದು ಕೇಳಲೇಬೇಕು. ಹಾಗೆ ಕೇಳಿದರೆ ಗಾಮಾ ಸಣ್ಣವರಾಗುವುದಿಲ್ಲ.

ನಮ್ಮ ಮನೆಗಳ ಗದೆ, ಫಲಕ, ಕುಸ್ತಿಯ ಹ್ಯಾಂಡ್‌ಬಿಲ್ಲುಗಳ ಕಾಲ ತಿಳಿಯಲು ದೊಡ್ಡ ಯಂತ್ರ ಬೇಡ. ಅವುಗಳ ಮೇಲಿನ ಅಕ್ಷರಗಳೇ ಸಾಕ್ಷಿ ಹೇಳುತ್ತವೆ.

ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. 'ಕರ್ನಾಟಕ' ಎಂಬ ಪದ ಹಳೆಯದೇ, ಆದರೆ ಅದು ರಾಜ್ಯದ ಹೆಸರಾದದ್ದು 1973ರ ನವೆಂಬರ್ 1ರಂದು. ಟಿಕೆಟ್ ದರ ಆಣೆಯಲ್ಲಿದ್ದರೆ ಹ್ಯಾಂಡ್‌ಬಿಲ್ಲು ಬಹುಶಃ 1957ಕ್ಕಿಂತ ಹಿಂದಿನದು, ಏಕೆಂದರೆ ಆ ವರ್ಷ ಏಪ್ರಿಲ್ 1ರಿಂದ ನಯೇ ಪೈಸೆ ಬಂತು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ₹ ಗುರುತು ಇದ್ದರೆ 2010ಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. 'ದಾಂಡೇಲಿ ತಾಲೂಕು' ಎಂದಿದ್ದರೆ ತೀರಾ ಈಚಿನದು.

ಈ ಅಳತೆ ಹಿಡಿದು ಹೊರಟ ನಾವೇ ಒಮ್ಮೆ ಎಡವಿದೆವು. ಒಂದು ಮನೆಯ ಗದೆಯ ಮೇಲೆ 1962 ಎಂದಿತ್ತು, ಕೆಳಗೆ 'ಕರ್ನಾಟಕ ರಾಜ್ಯ' ಎಂದಿತ್ತು. ಇದು ಆ ಕಾಲದ್ದಲ್ಲ ಎಂದುಬಿಟ್ಟೆವು. ಮನೆಯವರ ಮುಖ ಬಾಡಿತು. ಒಳಗಿನಿಂದ ಬಂದ ಅಜ್ಜಿ ಹೇಳಿದರು: "ಅಕ್ಷರ ಎಲ್ಲಾ ಅಳಿಸಿ ಹೋಗಿದ್ವು ತಮ್ಮಾ. ನನ್ನ ಮಗ ಹೊಸದಾಗಿ ಬರೆಸ್ಯಾನ." ಗದೆ ಹಳೆಯದಿರಬಹುದು, ಬಣ್ಣ ಮಾತ್ರ ಹೊಸದು. ಅಕ್ಷರ ಸುಳ್ಳಾದರೆ ವಸ್ತುವೇ ಸುಳ್ಳು ಎಂದು ಹೇಳುವ ಅವಸರ ಬೇಡ ಎಂದು ಆ ದಿನ ಕಲಿತೆವು. ಅಜ್ಜಿಯ ಮಾತನ್ನೂ ದಿನಾಂಕ ಹಾಕಿ ಬರೆದುಕೊಂಡೆವು. ಈಗ ಅದೂ ಆ ಗದೆಯ ಚರಿತ್ರೆಯ ಭಾಗ.

ವಸ್ತುವನ್ನು ದೊಡ್ಡವರ ಕೈಗೆ ಒಪ್ಪಿಸಿದರೆ ಕೆಲಸ ಮುಗಿಯಿತು ಎನ್ನುವಂತಿಲ್ಲ. 1948, 1952, 1956ರ ಒಲಿಂಪಿಕ್ಸ್‌ನಲ್ಲಿ ಹಾಕಿ ಚಿನ್ನ ಗೆದ್ದ ಬಲ್ಬೀರ್ ಸಿಂಗ್ ಸೀನಿಯರ್ 1985ರಲ್ಲಿ ತಮ್ಮ 36 ಪದಕ, ನೂರಕ್ಕೂ ಹೆಚ್ಚು ಫೋಟೊ, ಮೆಲ್ಬರ್ನ್‌ನಲ್ಲಿ ನಾಯಕನಾಗಿ ತೊಟ್ಟ ಬ್ಲೇಜರ್ ಎಲ್ಲವನ್ನೂ ಮ್ಯೂಸಿಯಂಗೆಂದು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಕೊಟ್ಟರು. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಪ್ರದರ್ಶನಕ್ಕೆ ಬೇಕೆಂದಾಗ ಅವು ಸಿಗಲಿಲ್ಲ. 2020ರಲ್ಲಿ ಅವರು ತೀರಿಕೊಂಡರು, ಆ ನಿಧಿ ಅವರ ಕೈಗೆ ಮರಳಲಿಲ್ಲ. ಒಲಿಂಪಿಕ್ ನಾಯಕನ ಬ್ಲೇಜರಿಗೇ ಹೀಗಾದರೆ ನಮ್ಮೂರ ಪೈಲ್ವಾನರ ಗದೆಯನ್ನು ಕೇಳುವವರು ಯಾರು?

ಕೇಳಬೇಕಾದವರು ನಾವೇ. ಮನೆಯಲ್ಲಿ ಗದೆ ಇದ್ದರೆ ಹಗಲು ಬೆಳಕಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ತಗ್ಗು, ಬೆಸುಗೆ, ಅಕ್ಷರ ಕಾಣುವಂತಿರಲಿ. ಹುಳಿ ಹಾಕಿ ತಿಕ್ಕಬೇಡಿ, ಬಣ್ಣ ಬಳಿಸಬೇಡಿ. ಗದೆ ಯಾರಿಂದ ಯಾರ ಕೈಗೆ ಬಂತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಹಳೆಯ ಟ್ರಂಕಿನಲ್ಲಿ ಹ್ಯಾಂಡ್‌ಬಿಲ್ಲು ಇದೆಯೇ ನೋಡಿ. ಜೋಡಿ ಕಟ್ಟಿದ ಪಂಚರು, ಎದುರಾಳಿಯ ಮನೆಯವರು ಇದ್ದರೆ ಅವರನ್ನೂ ಮಾತಾಡಿಸಿ. ಸೋತವರ ಮನೆಯಲ್ಲೂ ಆ ಕುಸ್ತಿಯ ನೆನಪಿರುತ್ತದೆ. ಗೆದ್ದವರ ಮಾತಿಗೆ ಸೋತವರ ಮನೆಯ ಮಾತು ತಾಳೆಯಾದರೆ ಅದು ಗಟ್ಟಿ ಸಾಕ್ಷಿ.

ನೋಡಿದ್ದು ಬೇರೆ, ಕೇಳಿದ್ದು ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ. ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡಿ, ಸುಳ್ಳಿನಿಂದ ತುಂಬಬೇಡಿ.

ಮಣ್ಣಿನ ಕುಸ್ತಿ ಕಣ್ಣಾರೆ ಕಂಡ ಹಿರಿಯರು ಪ್ರತಿ ಊರಲ್ಲಿ ಈಗ ಬೆರಳೆಣಿಕೆಯಷ್ಟು. ಗದೆ ಇನ್ನೂ ನೂರು ವರ್ಷ ಮೂಲೆಯಲ್ಲಿ ನಿಂತೀತು. ಅದರ ಬಗ್ಗೆ ಹೇಳಬಲ್ಲವರು ಅಷ್ಟು ದಿನ ಕಾಯಲಾರರು. ಈ ಭಾನುವಾರವೇ ಹೋಗಿ, ಅವರ ಪಕ್ಕ ಕೂತು ಕೇಳಿ: "ಅಜ್ಜಾ, ಇದು ಯಾವ ಕುಸ್ತಿದು?"