ಹಾಡು ಯಾರದು, ಕ್ಯಾಸೆಟ್ ಯಾರದು?

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು 1996ರ ಜೂನ್‌ನಲ್ಲಿ, ಆ ಊರಿನಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ. ಆದರೆ ಹಾಸನ ಜಿಲ್ಲೆಯ ಈ ಸೀಮೆ ಅದಕ್ಕೂ ಮುಂಚಿನಿಂದ ಹಾಡಿಗೆ ಹೆಸರಾದದ್ದು. ಪಕ್ಕದ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ಮೇಲಿರುವ ರುದ್ರಪಟ್ಟಣ ಸಂಗೀತಗಾರರ ಊರು. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲಿಯೇ. ಹೇಮಾವತಿ ದಂಡೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು ಹಳ್ಳಿಗರ ಬಾಯಲ್ಲಿದ್ದ ಪದಗಳನ್ನು ಬರೆದುಕೊಂಡು ‘ಹಳ್ಳಿಯ ಹಾಡುಗಳು’ ಎಂಬ ಸಂಗ್ರಹವನ್ನೇ ತಂದರು.

ರಾಗಿ ಬೀಸುವ ಪದಕ್ಕಾಗಲಿ, ಸೋಬಾನೆಗಾಗಲಿ, ಕೋಲಾಟದ ಹಾಡಿಗಾಗಲಿ ಯಾರೂ ಬೆಲೆ ಕಟ್ಟಿರಲಿಲ್ಲ. ಅತ್ತೆ ಹಾಡಿದ್ದನ್ನು ಸೊಸೆ ಕಲಿತಳು, ಗುರು ಹಾಡಿದ್ದನ್ನು ಶಿಷ್ಯ ಕಲಿತ. ಇದ್ದುದನ್ನು ಇದ್ದ ಹಾಗೆ ಕಲಿಯುವುದೇ ಅಲ್ಲಿ ವಿದ್ಯೆ, ಅದು ಕಳವೆಂದು ಯಾರಿಗೂ ತೋರಲಿಲ್ಲ. ಇಂಥ ಸೀಮೆಯ ಜನ, ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಕ್ಯಾಸೆಟ್ಟೊಂದನ್ನು ನಕಲು ಮಾಡಿಸಿಕೊಂಡರೆ ಕಾನೂನಿನ ಪ್ರಕಾರ ತಪ್ಪಿತಸ್ಥರಾಗುವ ಸ್ಥಿತಿ ಬಂತು. ಅಂಗಡಿಯ ಬೆಲೆ ಕೈಗೆಟುಕದು, ನಕಲಿಗೆ ಅನುಮತಿ ಇಲ್ಲ. ಕೇಳುಗರಲ್ಲಿ ಬೆಳೆದ ಈ ಅಸಮಾಧಾನಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಹಿನ್ನೆಲೆ ಇದೆ.

ತಟ್ಟೆಯ ಕಾಲ

ಭಾರತದಲ್ಲಿ ಧ್ವನಿಮುದ್ರಣದ ಚರಿತ್ರೆ ಆರಂಭವಾಗುವುದು 1902ರ ಕಲ್ಕತ್ತೆಯಿಂದ. ಅಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡ ಮೊದಲ ಗಾಯಕರಲ್ಲಿ ಪ್ರಮುಖಳು ಗೌಹರ್ ಜಾನ್. ದೇಶದ ತುಂಬ ಧ್ವನಿ ಕೇಳಿಸಿದ ಈ ಗಾಯಕಿ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ತಟ್ಟೆಗಳು ಎಷ್ಟು ಮಾರಾಟವಾದರೇನು, ಬದುಕಿಗೆ ಆಸರೆಯಾದದ್ದು ಅರಮನೆಯೇ.

ಗ್ರಾಮಫೋನ್ ತಟ್ಟೆಯನ್ನು ನಕಲು ಮಾಡಬೇಕಾದರೆ ಕಾರ್ಖಾನೆಯೇ ಬೇಕು. ಆದ್ದರಿಂದ ಕಂಪೆನಿಗೆ ಕಳ್ಳರ ಭಯ ಅಷ್ಟಾಗಿ ಇರಲಿಲ್ಲ. ನಾಯಿಯ ಚಿತ್ರದ ಎಚ್.ಎಂ.ವಿ. ಮುದ್ರೆ ದಶಕಗಳ ಕಾಲ ಮಾರುಕಟ್ಟೆಯನ್ನು ಆಳಿತು. ರಾಜಕುಮಾರ್ ಕಾಲದ ಕನ್ನಡ ಚಿತ್ರಗೀತೆಗಳಲ್ಲಿ ಬಹಳಷ್ಟು ಅದೇ ಕಂಪೆನಿಯ ತಟ್ಟೆಗಳಲ್ಲಿ ಬಂದವು. ತಟ್ಟೆ, ಅದನ್ನು ನುಡಿಸುವ ಯಂತ್ರ ಎರಡೂ ಉಳ್ಳವರ ಮನೆಯ ಸಾಮಾನು. ಹಳ್ಳಿಗೆ ಹಾಡು ಬರುತ್ತಿದ್ದುದು ರೇಡಿಯೋದಿಂದ, ಟೂರಿಂಗ್ ಟಾಕೀಸಿನಿಂದ, ಜಾತ್ರೆಯ ಧ್ವನಿವರ್ಧಕದಿಂದ.

1957ರ ಕೃತಿಸ್ವಾಮ್ಯ ಕಾಯ್ದೆ ರೂಪುಗೊಂಡದ್ದು ಇದೇ ಕಾಲದಲ್ಲಿ. 1958ರ ಜನವರಿ 21ರಂದು ಜಾರಿಗೆ ಬಂದ ಈ ಕಾಯ್ದೆ ಅಚ್ಚಿನ ಮನೆಯನ್ನೂ ತಟ್ಟೆಯ ಕಾರ್ಖಾನೆಯನ್ನೂ ಬಲ್ಲದು. ಮನೆಯ ಜಗಲಿಯ ಮೇಲೆ ಕುಳಿತು ಗುಂಡಿ ಒತ್ತಿದರೆ ಹಾಡು ನಕಲಾಗುವ ದಿನ ಬಂದೀತೆಂದು ಅದನ್ನು ಬರೆದವರು ಎಣಿಸಿದಂತಿಲ್ಲ.

ಕ್ಯಾಸೆಟ್ ತಂದ ಬದಲಾವಣೆ

ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ ಭಾರತದಲ್ಲಿ ಮನೆಮಾತಾದದ್ದು 1970ರ ದಶಕದ ಕೊನೆಗೆ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ‘ಟೂ ಇನ್ ಒನ್’ ತಂದರು. ನಂತರ ಇಲ್ಲಿಯೇ ತಯಾರಾದ ಅಗ್ಗದ ಯಂತ್ರಗಳು ಬಂದವು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಖ್ಯಾತವಾದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕೆ.ಎಸ್. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಪುಸ್ತಕ ಕೊಳ್ಳದವರ ಮನೆಗೂ ಕವಿತೆ ಹೊಕ್ಕಿತು.

ಆದರೆ ಬೆಲೆ? ಆ ವರ್ಷಗಳಲ್ಲಿ ದೊಡ್ಡ ಕಂಪೆನಿಯ ಅಸಲಿ ಕ್ಯಾಸೆಟ್ ಒಂದಕ್ಕೆ ಕೃಷಿ ಕಾರ್ಮಿಕನ ಹಲವು ದಿನಗಳ ಕೂಲಿ ಬೇಕಾಗುತ್ತಿತ್ತು. ಎಂಟು ಹತ್ತು ಹಾಡುಗಳಲ್ಲಿ ಕೇಳುಗನಿಗೆ ಬೇಕಾದವು ಎರಡೋ ಮೂರೋ. ಹೊಸ ಕ್ಯಾಸೆಟ್ ಬೆಂಗಳೂರಿನಲ್ಲಿ ಸಿಕ್ಕರೂ ತಾಲ್ಲೂಕು ಕೇಂದ್ರಕ್ಕೆ ತಲುಪುವ ಖಾತ್ರಿ ಇರಲಿಲ್ಲ. ಈ ಕೊರತೆಯನ್ನು ತುಂಬಿದ್ದು ರೆಕಾರ್ಡಿಂಗ್ ಅಂಗಡಿ. ಗಿರಾಕಿ ಒಂದು ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಸಾಕು, ಅರವತ್ತು ಇಲ್ಲವೆ ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಅಂಗಡಿಯವನು ಅವನ್ನು ತುಂಬಿಕೊಡುತ್ತಿದ್ದ. ಕರ್ನಾಟಕದ ಸಣ್ಣ ಪಟ್ಟಣಗಳಲ್ಲಿ ಬಸ್ ನಿಲ್ದಾಣದ ಬಳಿ ಇಂಥ ಅಂಗಡಿ ಸಾಮಾನ್ಯ ದೃಶ್ಯವಾಯಿತು. ಇದರ ಜೊತೆಗೆ, ಅಸಲಿಯಂತೆಯೇ ಹೊದಿಕೆ ಅಚ್ಚು ಮಾಡಿ ಸಾವಿರಗಟ್ಟಲೆ ಕಳ್ಳನಕಲು ಮಾರುವ ದಂಧೆಯೂ ಬೆಳೆಯಿತು. ಎರಡೂ ಒಂದೇ ಅಲ್ಲ. ಕಾನೂನು ಮಾತ್ರ ಎರಡನ್ನೂ ನಕಲು ಎಂದೇ ಕರೆಯಿತು.

ಅಗ್ಗವಾದಾಗ ಆದದ್ದು

ದೆಹಲಿಯ ಗುಲ್ಶನ್ ಕುಮಾರ್ 1983ರಲ್ಲಿ ಟಿ-ಸೀರೀಸ್ ಆರಂಭಿಸಿದಾಗ ಲೆಕ್ಕಾಚಾರವೇ ಬದಲಾಯಿತು. ಹಳೆಯ ಕಂಪೆನಿಗಳಿಗಿಂತ ಬಹಳ ಕಡಿಮೆ ಬೆಲೆ. ಸಂಗೀತದ ಅಂಗಡಿಯ ಜೊತೆಗೆ ದಿನಸಿ ಅಂಗಡಿ, ಬೀಡಾ ಅಂಗಡಿಯಲ್ಲೂ ಮಾರಾಟ. ಹಳೆಯ ಹಾಡನ್ನು ಬೇರೆ ಗಾಯಕರಿಂದ ಹೊಸದಾಗಿ ಹಾಡಿಸಿ ಮಾರುವ ‘ವರ್ಷನ್’ ಪದ್ಧತಿಗೂ ಈ ಕಂಪೆನಿ ಹೆಸರಾಯಿತು. ಮೂಲದ ಒಡೆಯರಿಗೆ ನೋಟಿಸ್ ನೀಡಿ ರಾಯಧನ ಕಟ್ಟಿದರೆ ಹೀಗೆ ಮರುಮುದ್ರಣ ಮಾಡಲು ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿತ್ತು. ಅದರ ವ್ಯಾಪ್ತಿ ಎಷ್ಟೆಂಬ ಬಗ್ಗೆ ವ್ಯಾಜ್ಯಗಳ ಸಾಲೇ ನಡೆಯಿತು. ಗ್ರಾಮಫೋನ್ ಕಂಪೆನಿಗೂ ಮಾರ್ಸ್ ರೆಕಾರ್ಡಿಂಗ್ ಎಂಬ ಸಂಸ್ಥೆಗೂ ನಡೆದ ಇಂಥದೊಂದು ಮೊಕದ್ದಮೆ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಹುಟ್ಟಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಕನ್ನಡದಲ್ಲಿಯೂ ಲಹರಿ, ಸಂಗೀತಾ ಮುಂತಾದ ಸಂಸ್ಥೆಗಳು ಬೆಳೆದವು. 1987ರಲ್ಲಿ ಬಂದ, ಹಂಸಲೇಖ ಸಂಗೀತದ ‘ಪ್ರೇಮಲೋಕ’ದ ಕ್ಯಾಸೆಟ್ ಲಹರಿಯನ್ನು ಮನೆಮನೆಗೂ ಪರಿಚಯಿಸಿತು. ಭಕ್ತಿಗೀತೆ, ಜನಪದ ಗೀತೆ, ಶಿಶುನಾಳ ಶರೀಫರ ತತ್ವಪದ, ಹಾಸ್ಯ, ಹರಿಕಥೆ ಎಲ್ಲವೂ ಕ್ಯಾಸೆಟ್ಟಾದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಸಲಿಗೂ ನಕಲಿಗೂ ಬೆಲೆಯ ಅಂತರ ಕಡಿಮೆಯಾದಾಗ, ಸವಕಲು ಧ್ವನಿಯ ನಕಲನ್ನು ಕೊಳ್ಳಬೇಕಾದ ಕಾರಣವೂ ಕಡಿಮೆಯಾಯಿತು. ಪೊಲೀಸರ ದಾಳಿಯಿಂದ ಆಗದಿದ್ದ ಕೆಲಸವನ್ನು ಬಹುಮಟ್ಟಿಗೆ ಬೆಲೆಯೇ ಮಾಡಿತು.

ಕಾನೂನಿನ ಉತ್ತರ

ಸರ್ಕಾರ ಹಿಡಿದ ದಾರಿ ಬೇರೆ. 1984ರ ತಿದ್ದುಪಡಿ ಪ್ರತಿಯೊಂದು ಕ್ಯಾಸೆಟ್ಟಿನ ಮೇಲೂ ತಯಾರಕರ ಹೆಸರು, ವಿಳಾಸ, ಹಕ್ಕುದಾರರ ವಿವರ, ಪ್ರಕಟಣೆಯ ವರ್ಷ ಇರಬೇಕೆಂದು ವಿಧಿಸಿತು. ಶಿಕ್ಷೆಯನ್ನೂ ಬಿಗಿ ಮಾಡಿತು: ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಕರ್ನಾಟಕದ ಗೂಂಡಾ ಕಾಯ್ದೆಯ ವ್ಯಾಪ್ತಿಗೂ ಆಡಿಯೊ, ವಿಡಿಯೊ ಕಳ್ಳನಕಲುಗಾರರು ಸೇರಿದರು. 2014ರ ತಿದ್ದುಪಡಿ ‘ಡಿಜಿಟಲ್ ಅಪರಾಧಿ’ಗಳನ್ನೂ ಅದಕ್ಕೆ ಸೇರಿಸಿತು. ಆ ಕಾಯ್ದೆಯಡಿ ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು.

ಮನೆಯ ಬಳಕೆಗೆ ನಕಲು ಮಾಡಿಕೊಂಡವನ ಗತಿ ಏನು? ಸ್ವಂತ ಬಳಕೆಗೆ ಕಾಯ್ದೆ ಕೊಟ್ಟಿದ್ದ ವಿನಾಯಿತಿ ಸಾಹಿತ್ಯ, ನಾಟಕ, ಸಂಗೀತ ರಚನೆ, ಕಲಾಕೃತಿಗಳನ್ನು ಹೆಸರಿಸುತ್ತಿತ್ತು. ಧ್ವನಿಮುದ್ರಣದ ಹೆಸರು ಅಲ್ಲಿರಲಿಲ್ಲ. ‘ಯಾವುದೇ ಕೃತಿ’ ಎಂಬ ಅರ್ಥದ ಮಾತು ಸೇರಿದ್ದು 2012ರ ತಿದ್ದುಪಡಿಯಲ್ಲಿ. ಆ ಹೊತ್ತಿಗೆ ಕ್ಯಾಸೆಟ್ಟೇ ಮೂಲೆ ಸೇರಿತ್ತು.

ಅದೇ ತಿದ್ದುಪಡಿ ವರ್ಷನ್ ಮುದ್ರಣವನ್ನು ಕಷ್ಟಕರ ಮಾಡಿತು. ಮೊದಲು ಎರಡು ವರ್ಷವಿದ್ದ ಕಾಯುವ ಅವಧಿ ಐದು ವರ್ಷವಾಯಿತು. ಒಂದು ಹಾಡಿಗೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕೆಂಬ ನಿಯಮ ಬಂತು. ಕೆಲವೇ ಸಾವಿರ ಪ್ರತಿ ಮಾರುವ ಜಿಲ್ಲಾ ಕೇಂದ್ರದ ಸಣ್ಣ ಸಂಸ್ಥೆಗೆ ಆ ಬಾಗಿಲು ಮುಚ್ಚಿದಂತೆಯೇ ಆಯಿತು.

ಹಾಡಿದವರ ಪಾಲು

ಕಲಾವಿದರ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂಬುದು ನಕಲಿನ ವಿರುದ್ಧ ಕಂಪೆನಿಗಳು ಮುಂದಿಡುತ್ತಿದ್ದ ವಾದ. ವಾದ ಸರಿಯಾದದ್ದೇ. ಆದರೆ ಕಲಾವಿದರಿಗೆ ಸಿಗುತ್ತಿದ್ದುದೇನು? 1977ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್, ಚಿತ್ರಕ್ಕಾಗಿ ಹಣ ಪಡೆದು ಮಾಡಿಕೊಟ್ಟ ಸಂಗೀತ, ಸಾಹಿತ್ಯದ ಮೇಲೆ, ಬೇರೆ ಒಪ್ಪಂದವಿಲ್ಲದಿದ್ದರೆ, ನಿರ್ಮಾಪಕನೇ ಒಡೆಯ ಎಂದಿತು. ಹಾಡುವವರಿಗೆ ಕಾಯ್ದೆಯಲ್ಲಿ ಯಾವ ಹಕ್ಕೂ ಇಲ್ಲದ್ದನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆಗಲೇ ಎತ್ತಿ ತೋರಿಸಿದ್ದರು. ಗಾಯಕರಿಗೆ ಪ್ರತ್ಯೇಕ ಹಕ್ಕು ಬಂದದ್ದು 1994ರ ತಿದ್ದುಪಡಿಯಿಂದ. ಕವಿ ಮತ್ತು ಸಂಗೀತ ನಿರ್ದೇಶಕರು ರಾಯಧನದ ಸಮಪಾಲನ್ನು ಬರೆದುಕೊಟ್ಟು ಕಳೆದುಕೊಳ್ಳುವಂತಿಲ್ಲ ಎಂಬ ರಕ್ಷಣೆ ಸಿಕ್ಕಿದ್ದು 2012ರಲ್ಲಿ. ಅಂದರೆ ಕ್ಯಾಸೆಟ್ಟಿನ ಸುಗ್ಗಿಯ ಬಹುಪಾಲು ಅವಧಿಯಲ್ಲಿ ಕಾನೂನು ಕಾಯುತ್ತಿದ್ದುದು ಮುಖ್ಯವಾಗಿ ಮುದ್ರಣದ ಒಡೆಯನನ್ನು.

ಜನಪದ ಹಾಡಿನ ವಿಷಯ ಇನ್ನೂ ವಿಚಿತ್ರ. ಕರ್ತೃ ಯಾರೆಂದು ತಿಳಿಯದ, ತಲೆಮಾರುಗಳಿಂದ ಬಂದ ಸೋಬಾನೆ ಪದಕ್ಕೆ ಒಡೆಯರಿಲ್ಲ. ಯಾರು ಬೇಕಾದರೂ ಮುದ್ರಿಸಬಹುದು. ಮುದ್ರಿಸಿದ ಕ್ಷಣದಿಂದ ಆ ಮುದ್ರಣಕ್ಕೆ ಒಡೆಯ ಹುಟ್ಟುತ್ತಾನೆ, ಪ್ರಕಟಣೆಯ ನಂತರ ಅರವತ್ತು ವರ್ಷ ಅವನ ಹಕ್ಕು ಇರುತ್ತದೆ. ಊರಿನ ಹಾಡು ಎಲ್ಲರದು, ಊರಿನ ಹಾಡಿನ ಕ್ಯಾಸೆಟ್ ಕಂಪೆನಿಯದು. ಹಾಡಿದವಳೇ ಅದನ್ನು ನಕಲು ಮಾಡಿ ನೆಂಟರಿಗೆ ಹಂಚಬೇಕೆಂದರೂ ಅನುಮತಿ ಕೇಳಬೇಕು.

ಈಗಿನ ಸ್ಥಿತಿ

ಸಿ.ಡಿ., ನೂರಾರು ಹಾಡು ಹಿಡಿಸುವ ಎಂಪಿ3, ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಳ್ಳುವ ಹಾಡು ಒಂದೊಂದಾಗಿ ಬಂದು ಹೋದವು. ಇಂದು ಫೋನಿನಲ್ಲಿ ಹಾಡು ಬಹುಮಟ್ಟಿಗೆ ಬಿಟ್ಟಿ, ಇಲ್ಲವೆ ಅಲ್ಪ ಚಂದಾ. ಬೆಲೆಯ ತಕರಾರು ತಣ್ಣಗಾಗಿದೆ, ನಿಯಮದ ತಕರಾರು ಉಳಿದಿದೆ. 2022ರಲ್ಲಿ ‘ಕೆಜಿಎಫ್-2’ರ ಹಾಡನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ಬಳಸಿದರೆಂದು ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆ ಮೊಕದ್ದಮೆ ಹೂಡಿ, ಕಾಂಗ್ರೆಸ್ಸಿನ ಟ್ವಿಟರ್ ಖಾತೆ ತಡೆಹಿಡಿಯುವ ಆದೇಶ ಪಡೆದಿತ್ತು. ಮರುದಿನವೇ ಹೈಕೋರ್ಟ್, ಆ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಆದೇಶವನ್ನು ರದ್ದು ಮಾಡಿತು. ಮದುವೆಯಲ್ಲಿ ಹಾಡು ಹಾಕಲು ಪರವಾನಗಿ ಬೇಕಿಲ್ಲವೆಂದು ಕಾಯ್ದೆಯಲ್ಲಿಯೇ ಇದ್ದರೂ, 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೊಮ್ಮೆ ಸ್ಪಷ್ಟಪಡಿಸಬೇಕಾಯಿತು.

ಹಾಡು ಕಟ್ಟಿದವರಿಗೆ ಕೂಲಿ ಸಿಗಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಕ್ಯಾಸೆಟ್ಟಿನ ಚರಿತ್ರೆ ನೋಡಿದರೆ, ನ್ಯಾಯವಾದ ಬೆಲೆಗೆ ಹತ್ತಿರದ ಅಂಗಡಿಯಲ್ಲಿ ಸಿಕ್ಕಾಗ ಜನ ಕೊಂಡುಕೊಂಡೇ ಕೇಳಿದರು. ಸಿಗದಿದ್ದಾಗ ನಕಲು ಮಾಡಿಕೊಂಡರು. ಗೊರೂರರು ಹಳ್ಳಿಯವರ ಬಾಯಿಂದ ಬರೆದುಕೊಂಡ ಹಾಡುಗಳು ಅಷ್ಟು ಕಾಲ ಉಳಿದು ಬಂದದ್ದೂ, ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡದ್ದರಿಂದಲೇ.