ಆದ್ಯ ಜಾಜ್ ಸಂಗೀತದ ಪುನರುಜ್ಜೀವನ: ನ್ಯೂ ಆರ್ಲಿಯನ್ಸಿನ ಪ್ರಿಸರ್ವೇಶನ್ ಹಾಲ್ ವಾದ್ಯಮೇಳ

ಬರಹದಲ್ಲಿ ನಿಲ್ಲದ ಕಲೆಯ ಇತಿಹಾಸವನ್ನು ರಚಿಸುವುದು ಕಷ್ಟದ ಕೆಲಸ. ಶಾಸನವೊಂದನ್ನು ಓದಿದವರು ತಪ್ಪಿದರೂ ಕಲ್ಲು ಇದ್ದಲ್ಲಿಯೇ ಇರುತ್ತದೆ. ಮುಂದೆ ಬಂದವರು ಪಾಠವನ್ನು ತಿದ್ದಬಹುದು. ನುಡಿಸಿದ ಕ್ಷಣದಲ್ಲಿಯೇ ಕರಗಿಹೋಗುವ ಸಂಗೀತಕ್ಕೆ ಅಂಥ ಆಸರೆಯಿಲ್ಲ. ಇಪ್ಪತ್ತನೆಯ ಶತಮಾನದ ಸಂಗೀತಕ್ಕಾದರೋ ಧ್ವನಿಮುದ್ರಣವೆಂಬ ಹೊಸ ಸಾಕ್ಷಿಯೊಂದು ದೊರೆಯಿತು. ಈ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬಹುದು, ಅದನ್ನೇ ನಂಬಿ ಹಳೆಯ ಸಂಗೀತವನ್ನು ಮತ್ತೆ ನುಡಿಸಹೊರಟವರು ಏನನ್ನು ಪಡೆದರು, ಏನನ್ನು ಕಳೆದುಕೊಂಡರು ಎಂಬುದನ್ನು ವಿಚಾರಮಾಡಲು ಅಮೆರಿಕದ ಆದ್ಯ ಜಾಜ್ ಸಂಗೀತದ ಪುನರುಜ್ಜೀವನ ಒಳ್ಳೆಯ ನಿದರ್ಶನವಾಗಿದೆ. ನ್ಯೂ ಆರ್ಲಿಯನ್ಸ್ ನಗರದಲ್ಲಿ ೧೯೬೧ರಲ್ಲಿ ಆರಂಭವಾದ ಪ್ರಿಸರ್ವೇಶನ್ ಹಾಲ್ ಎಂಬ ಸಂಗೀತಶಾಲೆಯನ್ನೂ ಅದರ ವಾದ್ಯಮೇಳವನ್ನೂ ಮುಖ್ಯವಾಗಿ ಇಟ್ಟುಕೊಂಡು ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ಆದ್ಯ ಜಾಜ್ ಎಂದರೆ ಏನೆಂಬುದನ್ನು ಸ್ಥೂಲವಾಗಿ ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಗೂ ಇಪ್ಪತ್ತನೆಯ ಶತಮಾನದ ಮೊದಲಲ್ಲಿ, ಮಿಸಿಸಿಪಿ ನದಿಯ ದಡದಲ್ಲಿರುವ ನ್ಯೂ ಆರ್ಲಿಯನ್ಸ್ ನಗರದ ಆಫ್ರಿಕನ್ ಅಮೆರಿಕನ್ ಜನರ ನಡುವೆ ಈ ಸಂಗೀತ ರೂಪುಗೊಂಡಿತು. ಮೆರವಣಿಗೆಯ ಹಿತ್ತಾಳೆ ವಾದ್ಯಗಳು, ಶವಯಾತ್ರೆಯ ಗೀತಗಳು, ಚರ್ಚಿನ ಹಾಡುಗಳು, ಬ್ಲೂಸ್, ರ‍್ಯಾಗ್‌ಟೈಮ್ ಇವೆಲ್ಲವೂ ಇದರಲ್ಲಿ ಬೆರೆತುಕೊಂಡವು. ಕಾರ್ನೆಟ್ ವಾದಕನು ಮೂಲ ಮಟ್ಟನ್ನು ಹಿಡಿದು ನಡೆಸುವನು. ಕ್ಲಾರಿನೆಟ್ ಅದರ ಮೇಲೆ ಬಳ್ಳಿಯಂತೆ ಸುತ್ತಿ ಹರಿಯುವುದು. ಟ್ರಾಂಬೋನ್ ಕೆಳಗಿನಿಂದ ಉತ್ತರ ಕೊಡುವುದು. ಮೂವರೂ ಏಕಕಾಲದಲ್ಲಿ, ಬರೆದಿಟ್ಟ ಸ್ವರಲಿಪಿಗೆ ಅಂಟಿಕೊಳ್ಳದೆ, ಪರಸ್ಪರ ಕೇಳಿಸಿಕೊಳ್ಳುತ್ತ ನುಡಿಸುವರು. ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಒಬ್ಬನ ಮನೋಧರ್ಮವಲ್ಲ, ಸಮೂಹದ ಮನೋಧರ್ಮ. ಈ ಶೈಲಿಯ ಮೊದಲಿಗರಲ್ಲಿ ಹೆಸರಾದ ಬಡಿ ಬೋಲ್ಡನ್ (೧೮೭೭-೧೯೩೧) ೧೯೦೭ರಲ್ಲಿ ಬುದ್ಧಿಭ್ರಮಣೆಗೊಳಗಾಗಿ ಮಾನಸಿಕ ಚಿಕಿತ್ಸಾಲಯವನ್ನು ಸೇರಿ, ಕೊನೆಯವರೆಗೂ ಅಲ್ಲಿಯೇ ಇದ್ದನು. ಅವನ ವಾದನದ ಒಂದು ಧ್ವನಿಮುದ್ರಿಕೆಯೂ ಉಳಿದಿಲ್ಲ. ಎಂದರೆ, ಈ ಪರಂಪರೆಯ ಮೊದಲ ಅಧ್ಯಾಯವು ನಮಗೆ ಕೇಳಿಸುವುದೇ ಇಲ್ಲ.

ಕೇಳಿಸುವ ಭಾಗವೂ ನೇರವಾದುದಲ್ಲ. ಜಾಜ್ ಎಂಬ ಹೆಸರಿನಿಂದ ಹೊರಬಂದ ಮೊದಲ ಗ್ರಾಮಫೋನ್ ತಟ್ಟೆಯನ್ನು ೧೯೧೭ರ ಫೆಬ್ರವರಿ ೨೬ರಂದು ನ್ಯೂಯಾರ್ಕಿನಲ್ಲಿ ವಿಕ್ಟರ್ ಸಂಸ್ಥೆಯವರು ಮುದ್ರಿಸಿದರು. ಅದನ್ನು ನುಡಿಸಿದ 'ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್' ನ್ಯೂ ಆರ್ಲಿಯನ್ಸಿನ ಬಿಳಿಯರ ತಂಡ. ಬಿಳಿಯರು ತಮ್ಮನ್ನು 'ಮೂಲ' ಎಂದು ಕರೆದುಕೊಂಡು ಜಗತ್ತಿಗೆಲ್ಲ ಪರಿಚಿತರಾದಾಗ, ಆ ಸಂಗೀತವನ್ನು ಕಟ್ಟಿದವರಲ್ಲಿ ಹೆಚ್ಚಿನವರ ದನಿ ಇನ್ನೂ ಮುದ್ರಣಗೊಂಡಿರಲಿಲ್ಲ. ಜೋಸೆಫ್ 'ಕಿಂಗ್' ಆಲಿವರನ ಕ್ರಿಯೋಲ್ ಜಾಜ್ ಬ್ಯಾಂಡ್ ೧೯೨೩ರ ಏಪ್ರಿಲ್ ತಿಂಗಳಲ್ಲಿ ಇಂಡಿಯಾನಾ ಸಂಸ್ಥಾನದ ರಿಚ್ಮಂಡ್ ಎಂಬ ಊರಿನಲ್ಲಿ ಗೆನೆಟ್ ಸಂಸ್ಥೆಗಾಗಿ ನುಡಿಸಿದ ಮೇಲೆಯೇ ಈ ಕೊರತೆ ಸ್ವಲ್ಪಮಟ್ಟಿಗೆ ತುಂಬಿತು. ತರುಣ ಲೂಯಿ ಆರ್ಮ್‌ಸ್ಟ್ರಾಂಗ್ ಎರಡನೆಯ ಕಾರ್ನೆಟ್ ವಾದಕನಾಗಿ ಆ ಮೇಳದಲ್ಲಿದ್ದನು.

ಈ ತಟ್ಟೆಗಳನ್ನು ಹೇಗೆ ಮುದ್ರಿಸಿದರೆಂಬುದು ಇತಿಹಾಸಕಾರನಿಗೆ ಮುಖ್ಯವಾದ ಸಂಗತಿ. ವಿದ್ಯುತ್ ಧ್ವನಿಮುದ್ರಣ ೧೯೨೫ರಲ್ಲಿ ಬಳಕೆಗೆ ಬಂದಿತು. ಅದಕ್ಕೆ ಮುಂಚೆ ವಾದಕರೆಲ್ಲರೂ ಕಹಳೆಯ ಆಕಾರದ ದೊಡ್ಡ ಕೊಳವೆಯ ಎದುರು ನಿಂತು ನುಡಿಸಬೇಕಾಗಿತ್ತು. ಕೊಳವೆಯಲ್ಲಿ ಸೇರಿದ ನಾದದ ಬಲದಿಂದಲೇ ಸೂಜಿ ಅದುರಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಸೂಜಿ ಹಾರುವ ಭಯವಿದ್ದುದರಿಂದ ಆಲಿವರನ ಡ್ರಮ್ ವಾದಕ ಬೇಬಿ ಡಾಡ್ಸ್ ಬಹುಮಟ್ಟಿಗೆ ಮರದ ತುಂಡುಗಳ ಮೇಲೆ ಲಯ ಹಿಡಿಯಬೇಕಾಯಿತು. ಆರ್ಮ್‌ಸ್ಟ್ರಾಂಗನ ನಾದ ಉಳಿದವರನ್ನು ಮುಳುಗಿಸುವಷ್ಟು ಪ್ರಬಲವಾಗಿದ್ದುದರಿಂದ ಅವನನ್ನು ದೂರದಲ್ಲಿ ನಿಲ್ಲಿಸಲಾಯಿತೆಂದು ಅದೇ ಮೇಳದ ಪಿಯಾನೊ ವಾದಕಿ ಲಿಲ್ ಹಾರ್ಡಿನ್ ನೆನಪಿಸಿಕೊಂಡಿದ್ದಾಳೆ. ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ ಮಾತ್ರ. ನೃತ್ಯಶಾಲೆಯಲ್ಲಿ ಕುಣಿಯುವವರು ದಣಿಯುವವರೆಗೆ ಬೆಳೆಯಬಲ್ಲ ಕೃತಿಯನ್ನು ಈ ಅಳತೆಗೆ ಕತ್ತರಿಸಲಾಯಿತು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಂದಿನಿಂದ ನಮ್ಮ ದೇಶದ ಸಂಗೀತವೂ ಇಂಥದೇ ಇಕ್ಕಟ್ಟಿಗೆ ಸಿಕ್ಕಿತೆಂಬುದನ್ನು ನೆನೆದರೆ ಓದುಗರಿಗೆ ಈ ಮಾತು ಸ್ಪಷ್ಟವಾದೀತು.

೧೯೩೦ರ ದಶಕದಲ್ಲಿ ಅಭಿರುಚಿ ಬದಲಾಗಿ, ದೊಡ್ಡ ತಂಡಗಳ ಸ್ವಿಂಗ್ ಸಂಗೀತ ಮೇಲೆ ಬಂದಿತು. ಹಳಬರು ಮೂಲೆಗುಂಪಾದರು. ಕಿಂಗ್ ಆಲಿವರ್ ೧೯೩೮ರಲ್ಲಿ ಜಾರ್ಜಿಯಾ ಸಂಸ್ಥಾನದ ಸವಾನಾ ಊರಿನಲ್ಲಿ ಬಡತನದಲ್ಲಿ ತೀರಿಕೊಂಡನು. ಕೊನೆಗಾಲದಲ್ಲಿ ಅವನು ಬಿಲಿಯರ್ಡ್ಸ್ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಿದ್ದನು. ಅದರ ಮರುವರ್ಷವೇ ಪ್ರಕಟವಾದ 'ಜಾಜ್‌ಮೆನ್' ಎಂಬ ಗ್ರಂಥಕ್ಕಾಗಿ ಸಾಮಗ್ರಿ ಕೂಡಿಸುತ್ತಿದ್ದ ಸಂಶೋಧಕರು ಲೂಯಿಸಿಯಾನಾದ ನ್ಯೂ ಐಬೀರಿಯಾ ಊರಿನಲ್ಲಿ ಬಂಕ್ ಜಾನ್ಸನ್ ಎಂಬ ಹಳೆಯ ಕಾರ್ನೆಟ್ ವಾದಕನನ್ನು ಪತ್ತೆಹಚ್ಚಿದರು. ಅವನ ಹಲ್ಲುಗಳು ಉದುರಿದ್ದವು. ಹಲ್ಲಿಲ್ಲದೆ ಕಾರ್ನೆಟ್ ಊದಲಾಗದು. ಅವನಿಗೆ ಹೊಸ ಹಲ್ಲು ಕಟ್ಟಿಸಿ, ವಾದ್ಯ ಒದಗಿಸಿ, ೧೯೪೨ರಲ್ಲಿ ಧ್ವನಿಮುದ್ರಣ ಮಾಡಿದರು. ಪುನರುಜ್ಜೀವನದ ಚಳವಳಿಗೆ ಇದರಿಂದ ಹೊಸ ಚೈತನ್ಯ ಬಂದಿತು.

ಆದರೆ ಬಂಕ್ ಜಾನ್ಸನನ ಸಾಕ್ಷ್ಯವನ್ನು ನಾವು ಎಚ್ಚರದಿಂದ ನೋಡಬೇಕಾಗಿದೆ. ತಾನು ೧೮೭೯ರಲ್ಲಿ ಹುಟ್ಟಿದವನೆಂದೂ ಬೋಲ್ಡನನೊಡನೆ ನುಡಿಸಿದವನೆಂದೂ ಅವನು ಹೇಳಿಕೊಂಡನು. ಅವನು ಹುಟ್ಟಿದುದು ಅದಕ್ಕಿಂತ ಸುಮಾರು ಹತ್ತು ವರ್ಷ ಈಚೆಗೆ ಎಂದು ಅನಂತರದ ಸಂಶೋಧಕರಲ್ಲಿ ಹಲವರು ಅಭಿಪ್ರಾಯಪಟ್ಟಿದ್ದಾರೆ. ಕೇಳುವವರು ಮೂಲಪುರುಷನ ಸಂಗಡಿಗನನ್ನು ಹುಡುಕುತ್ತಿದ್ದರು. ಹೇಳುವವನು ಅವರಿಗೆ ಬೇಕಾದುದನ್ನು ಕೊಟ್ಟನು. ಇನ್ನೊಂದು ಸಂಗತಿ ಇದಕ್ಕಿಂತ ಗಮನಾರ್ಹವಾದುದು. ೧೯೪೭ರ ಕೊನೆಯಲ್ಲಿ, ಸಾಯುವುದಕ್ಕೆ ಎರಡು ವರ್ಷ ಮುಂಚೆ, ಸಂಗಡಿಗರನ್ನೂ ಕೃತಿಗಳನ್ನೂ ತಾನೇ ಆರಿಸಿಕೊಳ್ಳುವ ಅವಕಾಶ ದೊರೆತಾಗ ಬಂಕ್ ಸ್ವರಲಿಪಿ ಓದಬಲ್ಲ ವಾದಕರನ್ನು ಕೂಡಿಸಿ, ಬರೆದಿಟ್ಟ ರ‍್ಯಾಗ್‌ಟೈಮ್ ಕೃತಿಗಳನ್ನೂ ಜನಪ್ರಿಯ ಹಾಡುಗಳನ್ನೂ ನುಡಿಸಿದನು. ತನ್ನನ್ನು ಎತ್ತಿಹಿಡಿದವರು ಕಲ್ಪಿಸಿಕೊಂಡಿದ್ದ ಹಳ್ಳಿಗಾಡಿನ ಮುಗ್ಧ ಕಲಾವಿದನ ಪಾತ್ರ ಅವನಿಗೆ ಸೇರಲಿಲ್ಲ.

ಇದೇ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಲೂ ವಾಟರ್ಸ್ ಎಂಬವನು 'ಯೆರ್ಬಾ ಬ್ಯೂನಾ' ಎಂಬ ತಂಡವನ್ನು ಕಟ್ಟಿ, ಆಲಿವರನಂತೆ ಕಾರ್ನೆಟ್ ಜೋಡಿಯನ್ನು ಇಟ್ಟುಕೊಂಡು, ಬ್ಯಾಂಜೊ ಮತ್ತು ಟ್ಯೂಬಾಗಳ ಗಟ್ಟಿ ಲಯದೊಡನೆ ಹಳೆಯ ಕೃತಿಗಳನ್ನು ನುಡಿಸತೊಡಗಿದನು. ಈ ತಂಡದ ಉತ್ಸಾಹ, ಶ್ರದ್ಧೆಗಳು ಪ್ರಶಂಸನೀಯವಾದುವು. ಅವರ ಗುರು ಮಾತ್ರ ಗ್ರಾಮಫೋನ್ ತಟ್ಟೆ. ಬ್ಯಾಂಜೊ ಮತ್ತು ಟ್ಯೂಬಾಗಳೇ ಆದ್ಯ ಜಾಜಿನ ಲಕ್ಷಣವೆಂಬ ಭಾವನೆ ಇಂದಿಗೂ ಪ್ರಬಲವಾಗಿದೆ. ಬೋಲ್ಡನನ ಮೇಳದ, ಸುಮಾರು ೧೯೦೫ರದೆನ್ನಲಾದ, ಉಳಿದಿರುವ ಒಂದೇ ಛಾಯಾಚಿತ್ರವನ್ನು ನೋಡಿದರೆ ಅದರಲ್ಲಿ ಬ್ಯಾಂಜೊ ಇಲ್ಲ, ಗಿಟಾರ್ ಇದೆ. ಟ್ಯೂಬಾ ಇಲ್ಲ, ತಂತಿಯ ದೊಡ್ಡ ಬೇಸ್ ವಾದ್ಯ ಇದೆ. ಮುದ್ರಣದ ಕೊಳವೆಗೆ ತಂತಿಯ ಬೇಸಿನ ಮೃದುನಾದ ಸರಿಯಾಗಿ ಹಿಡಿಯುತ್ತಿರಲಿಲ್ಲ. ಬ್ಯಾಂಜೊ, ಟ್ಯೂಬಾಗಳ ನಾದ ಸ್ಪಷ್ಟವಾಗಿ ಹಿಡಿಯುತ್ತಿತ್ತು. ಯಂತ್ರದ ಅನುಕೂಲಕ್ಕಾಗಿ ಮುಂದೆ ಬಂದುದು ಕಾಲಾಂತರದಲ್ಲಿ ಸಂಪ್ರದಾಯದ ಗುರುತಾಯಿತೆನ್ನಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಈ ಹಿನ್ನೆಲೆಯಲ್ಲಿ ಪ್ರಿಸರ್ವೇಶನ್ ಹಾಲಿನ ಸ್ಥಾನವನ್ನು ನಿರ್ಧರಿಸಬೇಕು. ನ್ಯೂ ಆರ್ಲಿಯನ್ಸಿನ ಫ್ರೆಂಚ್ ಕ್ವಾರ್ಟರ್ ಎಂಬ ಹಳೆಯ ಬಡಾವಣೆಯ ಸೇಂಟ್ ಪೀಟರ್ ಬೀದಿಯಲ್ಲಿ, ಹಿಂದೆ ಚಿತ್ರಕಲೆಯ ಮಳಿಗೆಯಾಗಿದ್ದ ಕಟ್ಟಡದಲ್ಲಿ, ಪೆನ್ಸಿಲ್ವೇನಿಯಾದಿಂದ ಬಂದ ಆಲನ್ ಜಾಫಿ ಮತ್ತು ಸ್ಯಾಂಡ್ರಾ ಜಾಫಿ ದಂಪತಿಗಳು ೧೯೬೧ರಲ್ಲಿ ಇದನ್ನು ವಹಿಸಿಕೊಂಡರು. ಮರದ ಬೆಂಚುಗಳು, ಬಣ್ಣ ಮಾಸಿದ ಗೋಡೆಗಳು, ಮದ್ಯ ಮಾರಾಟವಿಲ್ಲ. ಊರಿನಲ್ಲಿ ಇನ್ನೂ ಬದುಕಿದ್ದ, ಆದರೆ ಕೆಲಸವಿಲ್ಲದೆ ಕುಳಿತಿದ್ದ ವೃದ್ಧ ವಾದಕರಿಗೆ ಪ್ರತಿದಿನ ನುಡಿಸುವ ಅವಕಾಶವನ್ನೂ ಸಂಭಾವನೆಯನ್ನೂ ಕೊಡುವುದು ಇದರ ಉದ್ದೇಶವಾಗಿತ್ತು. ೧೯೬೪ರ ನಾಗರಿಕ ಹಕ್ಕುಗಳ ಕಾಯಿದೆ ಇನ್ನೂ ಬಂದಿರಲಿಲ್ಲ. ಕರಿಯರೂ ಬಿಳಿಯರೂ ಒಂದೇ ಕೋಣೆಯಲ್ಲಿ ಕುಳಿತು ಸಂಗೀತ ಕೇಳುವುದು ದಕ್ಷಿಣದ ಸಂಸ್ಥಾನಗಳಲ್ಲಿ ಸಣ್ಣ ವಿಷಯವಾಗಿರಲಿಲ್ಲ. ಈ ದೃಷ್ಟಿಯಿಂದ ನೋಡಿದರೆ ಆ ಬೆಂಚುಗಳಿಗೂ ಇತಿಹಾಸದಲ್ಲಿ ಒಂದು ಸ್ಥಾನವುಂಟು.

ಅಲ್ಲಿ ನುಡಿಸಿದವರು ತಟ್ಟೆಗಳಿಂದ ಕಲಿತವರಲ್ಲ. ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸ್ (೧೯೦೦-೧೯೬೮) ಹಡಗುಕಟ್ಟೆಯಲ್ಲಿ ಕೂಲಿಮಾಡುತ್ತಲೇ ಸಂಗೀತವನ್ನು ಉಳಿಸಿಕೊಂಡಿದ್ದವನು. ಪಿಯಾನೊ ವಾದಕಿ ಸ್ವೀಟ್ ಎಮ್ಮಾ ಬ್ಯಾರೆಟ್ ೧೯೬೭ರಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಸ್ವಾಧೀನ ತಪ್ಪಿದ ಮೇಲೂ ಬಲಗೈಯೊಂದರಿಂದಲೇ ನುಡಿಸುತ್ತಿದ್ದಳು. ವಿಲಿ ಹಂಫ್ರಿ, ಪರ್ಸಿ ಹಂಫ್ರಿ ಸೋದರರ ಅಜ್ಜ ಜೇಮ್ಸ್ ಬ್ರೌನ್ ಹಂಫ್ರಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಬ್ಬಿನ ತೋಟಗಳಿಗೆ ಹೋಗಿ ಕರಿಯ ಕೂಲಿಕಾರರಿಗೆ ವಾದ್ಯವನ್ನೂ ಸ್ವರಲಿಪಿಯನ್ನೂ ಕಲಿಸಿದ ಸಂಗೀತೋಪಾಧ್ಯಾಯ. ಆ ವಿದ್ಯೆ ಮೊಮ್ಮಕ್ಕಳ ಮೂಲಕ, ೧೯೯೪ ಮತ್ತು ೧೯೯೫ರಲ್ಲಿ ಅವರು ತೀರಿಕೊಳ್ಳುವವರೆಗೆ, ಈ ಶಾಲೆಯಲ್ಲಿ ಕೇಳಿಬಂದಿತು. ಧ್ವನಿಮುದ್ರಿಕೆಯು ಕೊಡಲಾರದ ಸಾಕ್ಷ್ಯ ಇದು: ಮೂರು ನಿಮಿಷಕ್ಕೆ ಕತ್ತರಿಸದ, ಸೂಜಿಗೆ ಹೆದರದ ವಾದನ.

ಆಕ್ಷೇಪಣೆಗಳಿಲ್ಲವೆಂದಲ್ಲ. ಮೊದಲು ಈ ಸಂಗೀತ ಕುಣಿಯುವವರಿಗಾಗಿ, ಮೆರವಣಿಗೆಗಾಗಿ, ಸತ್ತವರನ್ನು ಕಳುಹಿಸಿಕೊಡುವುದಕ್ಕಾಗಿ ಇದ್ದುದು. ಇಲ್ಲಿ ಅದು ಪ್ರವಾಸಿಗಳು ಕುಳಿತು ಕೇಳುವ ವಸ್ತುವಾಯಿತು. ಬಂದವರೆಲ್ಲರೂ 'ವೆನ್ ದ ಸೇಂಟ್ಸ್ ಗೋ ಮಾರ್ಚಿಂಗ್ ಇನ್' ಗೀತವನ್ನೇ ಬೇಡುತ್ತಿದ್ದುದರಿಂದ, ಉಳಿದ ಕೋರಿಕೆಗಳಿಗಿಂತ ಅದಕ್ಕೆ ಹೆಚ್ಚಿನ ಬೆಲೆಯನ್ನು ಫಲಕದಲ್ಲಿ ಬರೆದು ತೂಗುಹಾಕಿದ್ದು ಪ್ರಸಿದ್ಧವಾದ ವಿಷಯ. ವಿನೋದದ ಹಿಂದೆ ಒಂದು ಬೇಸರವೂ ಇದೆ. ಕೇಳುವವರ ಹಂಬಲವೇ ಪರಂಪರೆಯನ್ನು ಹತ್ತಾರು ಕೃತಿಗಳಿಗೆ ಕುಗ್ಗಿಸಬಹುದು. ಮೇಲಾಗಿ, ವೃದ್ಧರಿಂದ ನಡೆಯುವ ಸಂಸ್ಥೆ ವೃದ್ಧರೊಡನೆಯೇ ಮುಗಿಯಬೇಕಾದುದಲ್ಲವೆ ಎಂಬ ಪ್ರಶ್ನೆಯೂ ಏಳುತ್ತದೆ.

ಇದಕ್ಕೆ ಉತ್ತರ ಬಂದುದು ಮುಖ್ಯವಾಗಿ ನಗರದ ಇನ್ನೊಂದು ಮೂಲೆಯಿಂದ. ಬ್ಯಾಂಜೊ ಮತ್ತು ಗಿಟಾರ್ ವಾದಕ ಡ್ಯಾನಿ ಬಾರ್ಕರ್ (೧೯೦೯-೧೯೯೪) ಬಹುಕಾಲ ನ್ಯೂಯಾರ್ಕಿನಲ್ಲಿದ್ದು ೧೯೬೫ರಲ್ಲಿ ತವರಿಗೆ ಹಿಂದಿರುಗಿದನು. ೧೯೭೦ರ ಸುಮಾರಿಗೆ ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಆಶ್ರಯದಲ್ಲಿ ಬಾಲಕರ ಮೇಳವೊಂದನ್ನು ಕಟ್ಟಿದನು. ಲೆರಾಯ್ ಜೋನ್ಸ್ ಆ ಮೇಳದ ತರುಣ ನಾಯಕ. ಮುಂದೆ ಜಗದ್ವಿಖ್ಯಾತನಾದ ವಿಂಟನ್ ಮಾರ್ಸಲಿಸ್ ಕೂಡ ಬಾಲ್ಯದಲ್ಲಿ ಅಲ್ಲಿ ನುಡಿಸಿದವನು. ಹುಡುಗರು ಬೀದಿಯಲ್ಲಿ ನಡೆಯುತ್ತ ಕಲಿತರು. ಆದುದರಿಂದಲೇ ಅವರ ಪೀಳಿಗೆಯವರು ಕಲಿತುದರಲ್ಲಿಯೇ ನಿಲ್ಲದೆ ತಮ್ಮ ಕಾಲದ ಲಯಗಳನ್ನು ಹಳೆಯ ಹಿತ್ತಾಳೆ ವಾದ್ಯಗಳಿಗೆ ಹೊಂದಿಸಿಕೊಂಡರು.

ಕಾಗದಪತ್ರಗಳಿಂದ ನಡೆಯುವ ಪುನರುಜ್ಜೀವನವನ್ನು ನಾವು ಕೀಳುಗಳೆಯುವುದಿಲ್ಲ. ೧೯೫೮ರಲ್ಲಿ ಟುಲೇನ್ ವಿಶ್ವವಿದ್ಯಾನಿಲಯದಲ್ಲಿ ಸ್ಥಾಪಿತವಾದ ಜಾಜ್ ದಾಖಲೆಗಳ ಭಂಡಾರವು ಹಳೆಯ ವಾದಕರ ಮಾತುಗಳನ್ನು ಅವರ ಬಾಯಿಂದಲೇ ಮುದ್ರಿಸಿಕೊಳ್ಳದಿದ್ದರೆ ಮೇಲಿನ ಹಲವು ವಿಚಾರಗಳನ್ನು ಪರೀಕ್ಷಿಸುವುದಕ್ಕೇ ಆಗುತ್ತಿರಲಿಲ್ಲ. ನ್ಯೂಯಾರ್ಕಿನ ವಿನ್ಸ್ ಜಿಯೊರ್ಡಾನೊ ೧೯೭೦ರ ದಶಕದಿಂದ ತನ್ನ 'ನೈಟ್‌ಹಾಕ್ಸ್' ತಂಡಕ್ಕಾಗಿ ಸಾವಿರಾರು ಹಳೆಯ ಸ್ವರಲಿಪಿಗಳನ್ನು ಸಂಗ್ರಹಿಸಿ, ೧೯೨೦ರ ದಶಕದ ನೃತ್ಯಸಂಗೀತವನ್ನು ನಿಷ್ಠೆಯಿಂದ ನುಡಿಸಿದ್ದಾನೆ. ಬರೆದಿಟ್ಟ ಸಂಗೀತಕ್ಕೆ ಬರೆಹವೇ ಯೋಗ್ಯವಾದ ಆಧಾರ. ಬರೆಯದೆ ನುಡಿಸಿದ ಸಂಗೀತಕ್ಕೆ ಆ ಮಾನದಂಡ ಸಾಲದು ಎಂಬುದಷ್ಟೇ ನಮ್ಮ ಅಭಿಪ್ರಾಯ.

೨೦೦೫ರ ಆಗಸ್ಟ್ ೨೯ರಂದು ಕತ್ರೀನಾ ಚಂಡಮಾರುತ ಬಡಿದು ನ್ಯೂ ಆರ್ಲಿಯನ್ಸಿನ ಬಹುಭಾಗ ನೀರಿನಲ್ಲಿ ಮುಳುಗಿದಾಗ ಸೇಂಟ್ ಪೀಟರ್ ಬೀದಿಯ ಕಟ್ಟಡ ಉಳಿಯಿತು. ವಾದಕರ ಮನೆಗಳು ಹಾಳಾಗಿ ಅವರು ಊರೂರಿಗೆ ಚೆದರಿದರು. ಗೋಡೆಗಳಿದ್ದರೂ ಜನರಿಲ್ಲದಿದ್ದರೆ ಪರಂಪರೆಯಿಲ್ಲವೆಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು. ಮರುವರ್ಷ ಶಾಲೆ ಮತ್ತೆ ತೆರೆಯಿತು. ೧೯೮೭ರಲ್ಲಿ ತೀರಿಕೊಂಡ ಆಲನ್ ಜಾಫಿಯ ಮಗ ಬೆನ್ ಜಾಫಿಯ ಮುಂದಾಳುತನದಲ್ಲಿ ಈ ವಾದ್ಯಮೇಳ ೨೦೧೩ರಲ್ಲಿ 'ದಟ್ಸ್ ಇಟ್' ಎಂಬ ಸಂಪುಟವನ್ನು ಹೊರತಂದಿತು. ಅದರಲ್ಲಿನ ಕೃತಿಗಳೆಲ್ಲವೂ ಹೊಸದಾಗಿ ರಚಿತವಾದುವು. ೧೯೩೨ರಲ್ಲಿ, ಹಲವು ತಲೆಮಾರುಗಳ ಸಂಗೀತಗಾರರ ಮನೆಯಲ್ಲಿ ಹುಟ್ಟಿದ ಚಾರ್ಲಿ ಗೇಬ್ರಿಯಲ್ ಅದರಲ್ಲಿ ತನಗಿಂತ ಬಹಳ ಕಿರಿಯರೊಡನೆ ನುಡಿಸಿದ್ದಾನೆ. 'ಸಂರಕ್ಷಣೆ' ಎಂಬ ಹೆಸರಿಟ್ಟುಕೊಂಡ ಸಂಸ್ಥೆ ಹೊಸ ಕೃತಿಗಳನ್ನು ರಚಿಸುವುದು ವಿರೋಧಾಭಾಸವೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಬೋಲ್ಡನನೂ ಆಲಿವರನೂ ತಮಗಿಂತ ಹಿಂದಿನವರನ್ನು ಅನುಕರಿಸಿ ಹೆಸರಾದವರಲ್ಲ. ಇದ್ದುದನ್ನು ಕೈಗೆತ್ತಿಕೊಂಡು ತಮ್ಮ ಊರಿನ ಜನರಿಗಾಗಿ ಬೆಳೆಸಿದವರು.

ಇದುವರೆಗಿನ ವಿಚಾರದಿಂದ ತಿಳಿದುಬರುವುದೇನೆಂದರೆ, ಹಳೆಯ ಸಂಗೀತವನ್ನು ಮತ್ತೆ ನುಡಿಸುವ ತಂಡವೂ ಒಂದು ರೀತಿಯಲ್ಲಿ ಇತಿಹಾಸಕಾರನೇ; ಅದರ ಬೆಲೆ ಅದು ಆಶ್ರಯಿಸುವ ಸಾಕ್ಷ್ಯವನ್ನು ಅವಲಂಬಿಸಿದೆ. ಗ್ರಾಮಫೋನ್ ತಟ್ಟೆ ಹಾಡನ್ನು ಉಳಿಸಿತು. ಜೊತೆಗೆ ಯಂತ್ರದ ಕುಂದುಗಳನ್ನೂ, ಯಾರನ್ನು ಮೊದಲು ಮುದ್ರಿಸಬೇಕೆಂದು ತೀರ್ಮಾನಿಸಿದ ಸಮಾಜದ ಅನ್ಯಾಯವನ್ನೂ ಉಳಿಸಿತು. ನುಡಿಸಿದವರ ನೆನಪಿನಲ್ಲಿಯೂ ಬಂಕ್ ಜಾನ್ಸನನ ಮಾತಿನಂತೆ ದೋಷಗಳುಂಟು. ಒಂದನ್ನು ಇನ್ನೊಂದರಿಂದ ತಿದ್ದಿಕೊಳ್ಳುತ್ತ ಹೋಗುವುದೇ ಉಳಿದಿರುವ ದಾರಿ. ಪ್ರಿಸರ್ವೇಶನ್ ಹಾಲ್ ಮಾಡಿದ ದೊಡ್ಡ ಕೆಲಸವೆಂದರೆ, ಆ ಸಂಗೀತವನ್ನು ಬಲ್ಲವರು ಇನ್ನೂ ಬದುಕಿರುವಾಗಲೇ ಅವರನ್ನು ಕೂರಿಸಿ, ನುಡಿಸಲು ಹೇಳಿ, ಕೂಲಿ ಕೊಟ್ಟುದು. ಸವಾನಾದಲ್ಲಿ ಕಸ ಗುಡಿಸುತ್ತಿದ್ದ ಕಿಂಗ್ ಆಲಿವರನಿಗೆ ಯಾರೂ ಅಷ್ಟನ್ನು ಮಾಡಿರಲಿಲ್ಲ.