ವಿಜ್ಞಾನಕ್ಕೆ ಕನ್ನಡದ ನುಡಿ

ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಕಪಿಲೆಯರು ಕೂಡುವಂತೆ, ವಿಜ್ಞಾನವೂ ಸಾಹಿತ್ಯವೂ ಒಬ್ಬ ಅಧ್ಯಾಪಕರ ಬಾಳಿನಲ್ಲಿ ಕೂಡಿದ್ದುಂಟು. ಅವರು ಬೆಳ್ಳಾವೆ ವೆಂಕಟನಾರಣಪ್ಪನವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸಿದವರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಆ ತಿಳಿವು ತರಗತಿಯಲ್ಲೇ ಉಳಿದರೆ ನಂಜನಗೂಡಿನ ಬೇಸಾಯಗಾರನಿಗೆ ಅದರಿಂದ ಏನು ಬಂತು?

1918ರಲ್ಲಿ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದರು. ಇಂಥ ಬರವಣಿಗೆಯ ದೊಡ್ಡ ತೊಡಕು ಪಾರಿಭಾಷಿಕ ಪದಗಳದು. ಸಂಸ್ಕೃತದಿಂದ ಹೊಸ ಪದ ಕಟ್ಟಬೇಕೆ, ಬಳಕೆಯ ಮಾತನ್ನೇ ಹಿಡಿಯಬೇಕೆ, ಇಂಗ್ಲಿಷ್ ಹೆಸರನ್ನೇ ಉಳಿಸಬೇಕೆ? ವಸ್ತುವನ್ನು ಬಲ್ಲವನಿಗೆ ಭಾಷೆ ಬಾರದು, ಭಾಷೆ ಬಲ್ಲವನಿಗೆ ವಸ್ತು ತಿಳಿಯದು. ಎರಡನ್ನೂ ಬಲ್ಲವರು ವಿರಳ.

ಪತ್ರಿಕೆ ಬಾಳಿದ್ದು ಎರಡು ವರ್ಷದಷ್ಟು ಮಾತ್ರ. ಆದರೂ ಅವರು ಕೈಚೆಲ್ಲಲಿಲ್ಲ. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ‘ಪಂಪಭಾರತ’ವನ್ನು ಸಂಪಾದಿಸಿದರು, 1939ರಲ್ಲಿ ‘ಜೀವವಿಜ್ಞಾನ’ವನ್ನು ಬರೆದರು. ಹಳಗನ್ನಡದ ಪಾಠವನ್ನು ಪದಪದವಾಗಿ ತೂಗಿ ನೋಡಿದ ಕಣ್ಣಿಗೆ ಹೊಸ ಶಾಸ್ತ್ರದ ಪದವನ್ನು ತೂಗುವುದೂ ಅದೇ ಬಗೆಯ ಕೆಲಸವಾಗಿ ಕಂಡಿರಬೇಕು.

ಕನ್ನಡದಲ್ಲಿ ಹೇಳಲಾಗದ ವಿದ್ಯೆ ಕನ್ನಡಿಗರೆಲ್ಲರ ವಿದ್ಯೆಯಾಗದು. ವಿದ್ವಾಂಸನ ಹೊಣೆ ಅರಿತುಕೊಳ್ಳುವುದರಲ್ಲಿ ಮುಗಿಯುವುದಿಲ್ಲ, ಅರುಹುವುದರಲ್ಲಿ ಮುಗಿಯುತ್ತದೆ. ಆ ಹೊಣೆ ನಮ್ಮ ಕಾಲೇಜುಗಳ ಮುಂದೆ ಇಂದಿಗೂ ಇದೆ.